ಫಾರಿನ್ ಹಮೀದಾಕನ ಮೊದಲ ಪಾಸ್‌ಪೋರ್ಟ್

ಕಡಬ ಪೇಟೆಯಿಂದ ಯಾರಾದರೂ ವೀಸಾ ಇಲ್ಲದೆ ವಿದೇಶಕ್ಕೆ ಹೊರಟಾರು, ಸಾಹುಲ್ ಹಮೀದರ ಸಲಹೆ ಇಲ್ಲದೆ ಹೊರಡುವ ಹಾಗಿರಲಿಲ್ಲ. ಬಸ್ಸು ನಿಲ್ಲುವ ಜಾಗದ ಎದುರು, ಸೀನನ ಚಾ ಹೋಟೆಲಿಗೂ ಸರ್ವೋತ್ತಮನ ಪೈಪ್ ಅಂಗಡಿಗೂ ನಡುವೆ ಅವರದೊಂದು ಕೋಣೆ. ಇಬ್ಬರು ಒಳಗೆ ಕೂತರೆ ಮೂರನೆಯವನು ಬಿಸಿಲಿನಲ್ಲಿ ನಿಲ್ಲಬೇಕು. ಬೋರ್ಡಿನಲ್ಲಿ ‘ಬ್ಯಾಗ್ ಮತ್ತು ಕೊಡೆ ರಿಪೇರಿ’ ಎಂದಷ್ಟೇ ಬರೆದಿದ್ದರೂ ಊರಿನ ಲೆಕ್ಕದಲ್ಲಿ ಅದೊಂದು ಸಣ್ಣ ರಾಯಭಾರ ಕಚೇರಿ. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಫಾರಿನ್ ಹಮೀದಾಕ ಎಂದು. ‘ಆಕ’ ಎಂಬುದು ಕರಾವಳಿಯ ಬ್ಯಾರಿ ಮುಸ್ಲಿಮರು ಹಿರಿಯರಿಗೆ ಸೇರಿಸುವ ಮರ್ಯಾದೆ. ‘ಫಾರಿನ್’ ಎಂಬುದು ಊರೇ ಮುಂದೆ ಬಂದು ಸೇರಿಸಿದ ಮರ್ಯಾದೆ.

ವಿದೇಶಕ್ಕೆ ಹೊರಟವರು ಸೂಟ್‌ಕೇಸಿನ ಚಕ್ರ ಹಾಕಿಸಲಿಕ್ಕೋ ಜಿಪ್ ಸರಿಮಾಡಿಸಲಿಕ್ಕೋ ಬರುತ್ತಿದ್ದರು. ಹಮೀದಾಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ವಿಚಾರಣೆ ಶುರು ಮಾಡುತ್ತಿದ್ದರು. ಮೊದಲ ಸಲ ದುಬೈಗೆ ಹೊರಟಿದ್ದ ಫಯಾಝ್‌ನ ವಿಚಾರಣೆ ಈಗಲೂ ಸೀನನಿಗೆ ಬಾಯಿಪಾಠ.

“ಕಸಕಸೆ ಉಂಟಾ ಇದರಲ್ಲಿ?”

“ಉಮ್ಮ ಸ್ವಲ್ಪ ಇಟ್ಟಿದ್ದಾರೆ, ಮಸಾಲೆಗೆ.”

“ತೆಗಿ. ಉಮ್ಮನಿಗೆ ಅದು ಮಸಾಲೆ. ಅಲ್ಲಿಯ ಪೊಲೀಸರಿಗೆ ಅದು ಅಫೀಮಿನ ಬೀಜ. ಕಸಕಸೆಗೆ ಜೈಲಿಗೆ ಹೋದ್ರೆ ಊರಲ್ಲಿ ಹೇಳಿಕೊಳ್ಳಲಿಕ್ಕೂ ನಾಚಿಕೆ. ಬೇರೆಯವರು ಕೊಟ್ಟ ಕಟ್ಟು ಉಂಟಾ?”

“ಪಕ್ಕದ ಮನೆಯ ಅಂಕಲ್‌ದೊಂದು…”

“ಬಿಚ್ಚಿ ನೋಡಿದ್ದೀಯಾ? ನೋಡದೆ ತಗೊಂಡು ಹೋಗ್ಬೇಡ, ಅದು ನಿನ್ನ ಸ್ವಂತ ಮಾವ ಕೊಟ್ಟದ್ದಾದ್ರೂ. ಮತ್ತೆ ಬ್ಯಾಗಿಗೊಂದು ಕೆಂಪು ಬಟ್ಟೆ ಕಟ್ಟು. ಅಲ್ಲಿ ಏರ್‌ಪೋರ್ಟಿನ ಬೆಲ್ಟ್ ಮೇಲೆ ಇನ್ನೂರು ಕಪ್ಪು ಬ್ಯಾಗ್ ಬರ್ತದೆ, ಮದುವೆ ಮನೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ ಆಗ್ತದೆ.”

ಸೀನನ ಮಗಳು ಸುಪ್ರಿತಾ ನರ್ಸ್ ಆಗಿ ಕುವೈತಿಗೆ ಹೊರಟಾಗ, ಚಲಿಸುವ ಮೆಟ್ಟಿಲು ಹತ್ತುವುದನ್ನು ಹಮೀದಾಕ ಅಂಗಡಿಯ ಜಗಲಿಯಲ್ಲೇ ನಿಂತು ಕಲಿಸಿದ್ದರು. “ಕಾಲು ನೋಡ್ಬೇಡ ಮಗಳೇ, ಎದುರಿನವರ ಹೆಗಲು ನೋಡು. ಕಾಲು ನೋಡಿದವರೆಲ್ಲ ಬಿದ್ದಿದ್ದಾರೆ.” ಜಪಾನಿಗೆ ಓದಲು ಹೊರಟವನಿಗೆ ರೈಲಿನಲ್ಲಿ ಫೋನಿನಲ್ಲಿ ಮಾತನಾಡಬೇಡ ಎಂದರು. ಜರ್ಮನಿಗೆ ಹೊರಟವನಿಗೆ ರಸ್ತೆ ಖಾಲಿ ಇದ್ದರೂ ಹಸಿರು ದೀಪಕ್ಕೆ ಕಾಯಬೇಕು ಎಂದರು. ಎಲ್ಲ ಮುಗಿದ ಮೇಲೆ ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಸುತ್ತಿ ತಮ್ಮದೇ ಒಂದು ಗಂಟು ಹಾಕಿ ಕಳಿಸುತ್ತಿದ್ದರು. ಅದರ ಹೆಸರೇ ಹಮೀದಾಕನ ಗಂಟು. ಅದನ್ನು ಎಷ್ಟು ಎಳೆದರೂ ಬಿಚ್ಚದು. ಎಲ್ಲಿ ಒತ್ತಬೇಕೆಂದು ಹೊರಡುವವನ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದರು.

ಹೋದವರು ರಜೆಯಲ್ಲಿ ಬಂದಾಗ ಹರಿದ ಬ್ಯಾಗನ್ನು ಮತ್ತೆ ಅವರ ಹತ್ತಿರವೇ ತರುತ್ತಿದ್ದರು. ಇಪ್ಪತ್ತು ನಿಮಿಷದ ಜಿಪ್ಪಿಗೆ ಹಮೀದಾಕ ಎರಡು ಗಂಟೆ ಮಾಡುತ್ತಿದ್ದರು. “ಫಾರಿನ್ ಕ್ವಾಲಿಟಿ ಕೆಲಸ, ಅವಸರ ಇಲ್ಲ” ಎಂದು ಸೀನ ಚಾ ತಂದಿಡುತ್ತಾ ವಿವರಿಸುತ್ತಿದ್ದ.

ಇಷ್ಟೆಲ್ಲ ಬಲ್ಲ ಸಾಹುಲ್ ಹಮೀದರು ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದವರು ಎಂಬುದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತೆಂದು ಅವರ ನಂಬಿಕೆ. ಅವರ ಹೆಂಡತಿ ಹವ್ವಮ್ಮನಿಗೆ.

ಹಮೀದಾಕ ಸುಳ್ಳುಗಾರರಲ್ಲ, ಅದನ್ನು ಇಲ್ಲೇ ಹೇಳಿಬಿಡಬೇಕು. ತೊಂಬತ್ತನಾಲ್ಕರಲ್ಲಿ, ಮದುವೆಯಾಗಿ ಮೂರು ತಿಂಗಳಿಗೆ, ಅವರು ಮಸ್ಕತ್ತಿಗೆಂದು ಹೊರಟದ್ದು ನಿಜ. ಬೊಂಬಾಯಿಗೆ ಮುಟ್ಟಿದ್ದೂ ನಿಜ. ಪಾಸ್‌ಪೋರ್ಟ್, ವೀಸಾ ಎರಡನ್ನೂ ಮಾಡಿಸಿಕೊಡುತ್ತೇನೆ ಎಂದ ಏಜೆಂಟ್ ಹದಿನಾಲ್ಕು ತಿಂಗಳು ‘ನಾಳೆ’ ಎಂದು ಹೇಳಿ, ಒಂದು ನಾಳೆ ಕಾಣೆಯಾದ. ಅಷ್ಟು ದಿನವೂ ಹಮೀದಾಕ ಒಂದು ಲಾಡ್ಜಿನ ಕೆಳಗಿನ ಬ್ಯಾಗ್ ಅಂಗಡಿಯಲ್ಲಿ ಜಿಪ್ ಹೊಲಿದರು. ತಿರುಗಿ ಬರುವಾಗ ಬರಿಗೈಲಿ ಬರಬಾರದೆಂದು ಒಂದು ಕಂಬಳಿ, ಎರಡು ಶೀಶೆ ಅತ್ತರು ತಂದರು, ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಕೊಂಡರು. ಕಡಬದಲ್ಲಿ ಬಸ್ಸಿಳಿದ ಕೂಡಲೇ ಸೀನ ಕಂಡ. ಈ ಕಡೆಯಲ್ಲಿ ಗಲ್ಫಿನಿಂದ ಬಂದವರನ್ನು ಕಂಡರೆ ಕೇಳುವ ಪ್ರಶ್ನೆ ಎರಡೇ. ಸೀನ ಮೊದಲನೆಯದನ್ನು ಕೇಳಿದ.

“ಯಾವಾಗ ಬಂದದ್ದು?”

“ಈಗ” ಎಂದರು ಹಮೀದಾಕ. ಅದು ಸತ್ಯವೇ.

“ಹೋಗುದು ಯಾವಾಗ?”

 ಹೋಗಲೇ ಇಲ್ಲ ಮಾರಾಯ ಎಂದು ಹೇಳಬೇಕಿತ್ತು. ಆದರೆ ಕಂಬಳಿ ಕಂಕುಳಲ್ಲಿತ್ತು, ಅತ್ತರು ಘಮಘಮ ಅನ್ನುತ್ತಿತ್ತು, ಬಸ್ಸಿನಿಂದ ಇಳಿದವರೆಲ್ಲ ನೋಡುತ್ತಿದ್ದರು. “ನೋಡುವಾ” ಎಂದರು. ಆ ಒಂದು ‘ನೋಡುವಾ’ದ ಮೇಲೆ ಊರು ಮೂವತ್ತು ವರ್ಷದಲ್ಲಿ ಮಹಡಿಯ ಮೇಲೆ ಮಹಡಿ ಕಟ್ಟಿತು. ಹದಿನಾಲ್ಕು ತಿಂಗಳು ನಾಲ್ಕು ವರ್ಷವಾಯಿತು, ನಾಲ್ಕು ಹನ್ನೆರಡಾಯಿತು. ಹಮೀದಾಕ ಒಂದು ಇಟ್ಟಿಗೆಯನ್ನೂ ಇಡಲಿಲ್ಲ, ಒಂದನ್ನೂ ತೆಗೆಯಲೂ ಇಲ್ಲ.

ಹೀಗಿರುವಾಗ ಹೋದ ವರ್ಷ ಸರ್ವೋತ್ತಮನಿಗೆ ಅದೃಷ್ಟ ಹೊಡೆಯಿತು. ಆ ವರ್ಷ ಅವನು ಮಾರಿದ ಪೈಪನ್ನು ಮೆಚ್ಚಿ ಕಂಪೆನಿಯವರು ಇಬ್ಬರಿಗೆ ಐದು ದಿನದ ವಿಯೆಟ್ನಾಂ ಪ್ರವಾಸ ಕೊಟ್ಟರು. ಸುಬ್ರಹ್ಮಣ್ಯ ದಾಟಿದರೆ ಹೊಟ್ಟೆ ಕೆಡುವ ಮನುಷ್ಯ ಸರ್ವೋತ್ತಮ. ಅವನ ಹೆಂಡತಿ “ಅಲ್ಲಿ ಕುಚ್ಚಲಕ್ಕಿ ಗಂಜಿ ಸಿಗ್ತದಾ?” ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರ ಬಾರದ್ದರಿಂದ ಬರುವುದಿಲ್ಲ ಎಂದಳು. ಸರ್ವೋತ್ತಮ ನೇರ ಹಮೀದಾಕನ ಅಂಗಡಿಗೆ ಬಂದ.

“ಹಮೀದಾಕ, ನೀವು ನನ್ನ ಒಟ್ಟಿಗೆ ಬರ್ಬೇಕು. ನೀವು ಬಂದ್ರೆ ಮಾತ್ರ ನಾನು ಹೋಗುದು. ಇಲ್ಲದಿದ್ರೆ ಕ್ಯಾನ್ಸಲ್.”

ಹಮೀದಾಕನ ಕೈಯ ಸೂಜಿ ನಿಂತಿತು. “ನಾನಾ? ನನಗೆ ಎಂತಕ್ಕೆ ಈ ವಯಸ್ಸಲ್ಲಿ…”

“ನಿಮಗೆ ಇದೆಲ್ಲ ಉಪ್ಪಿನಂಗಡಿಗೆ ಹೋಗಿ ಬಂದ ಹಾಗೆ. ನನಗೆ ಹಾಗಲ್ಲ ಮಾರಾಯ್ರೆ. ನನಗೆ ಆ ಮೆಟ್ಟಿಲಿನ ಹೆದರಿಕೆ ಉಂಟು. ಇಪ್ಪತ್ತೈದನೇ ತಾರೀಕಿನ ಒಳಗೆ ಪಾಸ್‌ಪೋರ್ಟಿನ ಕಾಪಿ ಕೊಡ್ಬೇಕಂತೆ. ನಿಮ್ಮದು ಹಳತು ಆಗಿರ್ಬೇಕು, ರಿನೀವಲ್ ಮಾಡಿಸಿ.”

ಆ ಸಂಜೆ ಹಮೀದಾಕ ಮನೆಗೆ ಹೋಗಿ ಹವ್ವಮ್ಮನಿಗೆ ಸಂಗತಿ ಹೇಳಿದರು. ಹೇಳುವಾಗ ‘ಬೇಡ ಅಂತ ಹೇಳಿಬಿಡ್ತೇನೆ’ ಎಂದು ಮೂರು ಸಲ ಹೇಳಿದರು. ಹವ್ವಮ್ಮ ಮೀನು ಕೊಯ್ಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಂಥ ಆಸೆಯನ್ನು ಆ ಮುಖದಲ್ಲಿ ಅವಳು ಕಂಡಿರಲಿಲ್ಲ.

“ನಿಮಗೆ ಹೋಗ್ಬೇಕು ಅಂತ ಉಂಟಲ್ಲ?”

“ಉಂಟು” ಎಂದರು ಹಮೀದಾಕ. “ಬೆಲ್ಟ್ ಮೇಲೆ ಬ್ಯಾಗ್ ಬರುದನ್ನು ಒಮ್ಮೆ ಕಣ್ಣಲ್ಲಿ ನೋಡ್ಬೇಕು ಅಂತ ಉಂಟು, ಹವ್ವ.”

“ಹಾಗಾದ್ರೆ ಅರ್ಜಿ ಹಾಕಿ. ಊರಿಗೆ ಗೊತ್ತಾಗದ ಹಾಗೆ ಪುತ್ತೂರಲ್ಲಿ ಹಾಕಿ.”

ಹಾಕಿದರು. ಪುತ್ತೂರಿನ ದರ್ಬೆಯಲ್ಲಿ ಬಸ್ಸಿಳಿದು, ಪರಿಚಯದವರು ಕಂಡಾರೆಂದು ಮೋಡದ ದಿನವೂ ಕೊಡೆ ಬಿಡಿಸಿಕೊಂಡು ಪಾಸ್‌ಪೋರ್ಟ್ ಕೇಂದ್ರಕ್ಕೆ ನಡೆದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು, “ಮೊದಲು ಪಾಸ್‌ಪೋರ್ಟ್ ಇತ್ತಾ?” ಎಂದು ಕೇಳಿದಳು. ಹಮೀದಾಕ ಹಿಂದೆ ನೋಡಿದರು, ಎಡಕ್ಕೆ ನೋಡಿದರು, ಗಾಜಿನ ತೂತಿಗೆ ಬಾಯಿ ಇಟ್ಟು “ಇಲ್ಲ” ಎಂದು ಪಿಸುಗುಟ್ಟಿದರು.

“ಕೇಳಲಿಲ್ಲ, ಜೋರಾಗಿ ಹೇಳಿ.”

“ಇಲ್ಲ… ಇಲ್ಲವೇ ಇಲ್ಲ.”

“ಇಲ್ಲದಿದ್ದರೆ ಅದಕ್ಕೆ ಬೇಜಾರು ಎಂತಕ್ಕೆ? ಹೊಸತು ಮಾಡಿಸ್ಲಿಕ್ಕೇ ಬಂದದ್ದಲ್ವಾ?” ಎಂದು ಅವಳು ನಗುತ್ತಾ ಬರೆದುಕೊಂಡಳು. ಗಂಡಾಂತರ ಕಳೆಯಿತೆಂದು ಹಮೀದಾಕ ಹೊರಗೆ ಬಂದು ನಿಂಬೆ ಶರಬತ್ತು ಕುಡಿದರು. ಹೊಸ ಪಾಸ್‌ಪೋರ್ಟಿಗೆ ಪೊಲೀಸರು ಮನೆಯ ಹತ್ತಿರ ಬಂದು ನೆರೆಕರೆಯವರಲ್ಲಿ ವಿಚಾರಿಸುತ್ತಾರೆ ಎಂಬುದು, ನೂರಾರು ಜನರಿಗೆ ದಾರಿ ಹೇಳಿದ ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತನ್ನ ವಿಷಯಕ್ಕೆ ಬಂದಾಗ ನೆನಪಾಗಲಿಲ್ಲ, ಅಷ್ಟೇ. ವೈದ್ಯರಿಗೂ ಹಾಗೆ ಆಗುತ್ತದಂತೆ.

ಆರನೆಯ ದಿನ ದಿಶಾಂತ್ ಎಂಬ ಹೊಸ ಕಾನ್‌ಸ್ಟೇಬಲ್ ಬೈಕ್ ನಿಲ್ಲಿಸಿ ಸೀನನ ಹೋಟೆಲಿಗೆ ಹೋದ. ಘಟ್ಟದ ಮೇಲಿನ ಹುಡುಗ, ಊರಿಗೆ ಬಂದು ತಿಂಗಳಾಗಿತ್ತು. “ಪಕ್ಕದ ಸಾಹುಲ್ ಹಮೀದ್ ಅವರು ಗೊತ್ತಾ? ಜನ ಹೇಗೆ?”

ಸೀನ ಚಾ ಎತ್ತಿ ಹೊಯ್ಯುತ್ತಿದ್ದ ಕೈಯನ್ನು ಹಾಗೆಯೇ ಮೇಲೆ ನಿಲ್ಲಿಸಿದ. ಗೆಳೆಯನ ಬಗ್ಗೆ ಸರ್ಕಾರ ಕೇಳುತ್ತಿದೆ. ಕಡಿಮೆ ಹೇಳಿದರೆ ಪಾಪ.

“ಎಂತ ಸಾರ್, ಹೀಗೆ ಕೇಳ್ತೀರಿ? ಸಾಧಾರಣ ಜನ ಅಂತ ಮಾಡಿದ್ರಾ? ಗಲ್ಫಿನಲ್ಲಿ ಹನ್ನೆರಡು ವರ್ಷ ಇದ್ದವರು. ಮಸ್ಕತ್ತು, ದುಬೈ, ಕತಾರ್, ಎಲ್ಲ ಬಾಯಲ್ಲಿ ಉಂಟು ಅವರಿಗೆ.”

ಸರ್ವೋತ್ತಮ ತನ್ನ ಅಂಗಡಿಯಿಂದ ಓಡಿಬಂದ. ಪ್ರವಾಸ ಅವನದಲ್ಲವೇ? “ಬರೀ ಗಲ್ಫ್ ಅಲ್ಲ ಸಾರ್. ಜಪಾನಿನ ರೈಲಲ್ಲಿ ಫೋನ್ ಮಾಡಬಾರದು ಅಂತ ಅವರಿಗೆ ಗೊತ್ತುಂಟು. ಹೋಗದೆ ಗೊತ್ತಾಗ್ತದಾ? ಬರ್ಕೊಳ್ಳಿ, ಜಪಾನ್.”

ದಿಶಾಂತ್ ಬರೆದುಕೊಂಡ. ಗೋಡೆಯ ಆಚೆ ಕೂತಿದ್ದ ಹಮೀದಾಕ ಎಲ್ಲವನ್ನೂ ಕೇಳಿಸಿಕೊಂಡರು. ಸೂಜಿ ಬೆರಳಿಗೆ ಚುಚ್ಚಿದ್ದು ತಿಳಿಯಲಿಲ್ಲ. “ಜರ್ಮನಿ ಬಿಟ್ಟು ಹೋಯ್ತು ಸಾರ್!” ಎಂದು ಸೀನ ಬೈಕಿನ ಹಿಂದೆ ಓಡಿದ್ದೂ ಅವರಿಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಠಾಣೆಯಿಂದ ಕರೆ ಬಂತು. ಎಸ್.ಐ. ವಿಷ್ಣುಪ್ರಸಾದರು ಮೆದು ಮಾತಿನವರು. ಅದರಿಂದಲೇ ಹೆದರಿಕೆ ಹೆಚ್ಚು. “ಹಮೀದ್ ಅವರೇ, ಮೊದಲು ಪಾಸ್‌ಪೋರ್ಟ್ ಇರಲಿಲ್ಲ ಅಂತ ಅರ್ಜಿಯಲ್ಲಿ ಬರೆದಿದ್ದೀರಿ. ನೆರೆಯವರು ನೋಡಿದರೆ ಐದು ದೇಶದ ಹೆಸರು ಹೇಳುತ್ತಾರೆ. ಹಳೆಯ ಪಾಸ್‌ಪೋರ್ಟ್ ಎಲ್ಲಿ?”

“ಇಲ್ಲ ಸಾರ್.”

“ಕಳೆದುಹೋಯಿತಾ?”

“ಇರ್ಲೇ ಇಲ್ಲ ಸಾರ್. ನಾನು ಎಲ್ಲಿಗೂ ಹೋಗ್ಲಿಲ್ಲ.”

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಮೀದಾಕ ಆ ಮಾತನ್ನು ಮನೆಯ ಹೊರಗೆ ಹೇಳಿದ್ದರು. ಹೇಳುವಾಗ ಭೂಮಿ ಬಿರಿಯುತ್ತದೆ ಎಂದುಕೊಂಡಿದ್ದರು. ಆದದ್ದು ಅದಕ್ಕಿಂತ ಕಷ್ಟದ್ದು. ಸಾಕ್ಷಿಗೆಂದು ಬಂದು ಬಾಗಿಲಲ್ಲಿ ನಿಂತಿದ್ದ ಸೀನನೂ ಸರ್ವೋತ್ತಮನೂ ಅದನ್ನು ನಂಬಲೇ ಇಲ್ಲ.

“ಅವರಿಗೆ ಯಾವಾಗಲೂ ಹೀಗೇ ಸಾರ್, ದೊಡ್ಡಸ್ತಿಕೆ ಇಲ್ಲ” ಎಂದ ಸರ್ವೋತ್ತಮ.

“ಹೆದರ್ಬೇಡಿ ಹಮೀದಾಕ, ನಾವಿದ್ದೇವೆ” ಎಂದ ಸೀನ. ಆಮೇಲೆ ಅವನ ತಲೆಯಲ್ಲಿ ಏನೋ ಹೊಳೆಯಿತು. ಕಣ್ಣು ಅಗಲವಾಯಿತು. ಸರ್ವೋತ್ತಮನ ಕಿವಿಗೆ ಬಾಯಿಟ್ಟ. ಆ ಗುಟ್ಟು ಹೊರಗಿನ ರಸ್ತೆಗೂ ಕೇಳಿಸುವಷ್ಟು ಮೆಲ್ಲಗಿತ್ತು. “ಪಾಸ್‌ಪೋರ್ಟೇ ಇರ್ಲಿಲ್ಲ ಅಂದ್ರೆ ಇವರು ಲಾಂಚಿನಲ್ಲಿ ಹೋದದ್ದು ಮಾರಾಯ! ಹಿಂದೆ ಬೊಂಬಾಯಿಯಿಂದ ಕಳ್ಳ ಲಾಂಚಿನಲ್ಲಿ ಹೋಗ್ತಿದ್ರಲ್ಲ, ಹಾಗೆ! ಸಮುದ್ರದಲ್ಲಿ!”

ಮಧ್ಯಾಹ್ನದೊಳಗೆ ಪೇಟೆಯಲ್ಲಿ ಹಮೀದಾಕನ ಗೌರವ ಇಮ್ಮಡಿಯಾಯಿತು. ಎಲ್ಲರೂ ಟಿಕೆಟ್ ತೆಗೆದು ಹೋದವರು, ಇವರು ಈಜಿಯೇ ಹೋದವರು ಎಂಬಲ್ಲಿಗೆ ಮಾತು ಮುಟ್ಟಿತು. ಕೋಡಿಂಬಾಳದಿಂದ ಇಬ್ಬರು ಬೈಕಿನಲ್ಲಿ ಬಂದು ಅವರ ಕೈ ಕುಲುಕಿ ಹೋದರು. ಪೆರಾಬೆಯ ಒಬ್ಬರು, ತಿಮಿಂಗಿಲ ಕಂಡಿದ್ದೀರಾ ಎಂದು ಫೋನ್ ಮಾಡಿ ಕೇಳಿದರು. ಠಾಣೆಯಲ್ಲಿ ಮಾತ್ರ ಇದು ಹೊಗಳಿಕೆಯಾಗಿ ಕೇಳಿಸಲಿಲ್ಲ.

“ಪಾಸ್‌ಪೋರ್ಟ್ ಇಲ್ಲದೆ ದೇಶ ದಾಟಿದ್ದು ನಿಜವಾದರೆ ಅದು ಅಪರಾಧ” ಎಂದರು ವಿಷ್ಣುಪ್ರಸಾದರು, ಇನ್ನೂ ಮೆದುವಾಗಿ. “ಪಾಸ್‌ಪೋರ್ಟ್ ಇದ್ದೂ ಮುಚ್ಚಿಟ್ಟಿದ್ದರೆ ಅದೂ ಅಪರಾಧ. ಹೋಗಲೇ ಇಲ್ಲ ಅಂತಾದರೆ ಅದಕ್ಕೆ ಏನಾದರೂ ಆಧಾರ ಕೊಡಿ. ನಾಳೆಯೊಳಗೆ. ಇಲ್ಲದಿದ್ದರೆ ನಾನು ಶಿಫಾರಸು ಮಾಡುವ ಹಾಗಿಲ್ಲ.”

ಹೋಗಿದ್ದಕ್ಕೆ ಆಧಾರ ಕೇಳಿದರೆ ಕೊಡಬಹುದು. ಹೋಗದೆ ಇದ್ದದ್ದಕ್ಕೆ ಯಾರು ರಶೀದಿ ಇಟ್ಟುಕೊಳ್ಳುತ್ತಾರೆ? ಹಮೀದಾಕ ಮನೆಗೆ ಬಂದು ಊಟ ಬೇಡವೆಂದು ಗೋಡೆ ನೋಡುತ್ತಾ ಕೂತರು. ವಿಯೆಟ್ನಾಂ ಹೋಯಿತೆಂದೇ ಅವರ ಲೆಕ್ಕ. ಮಾನ ಹೋಗದೆ ಉಳಿದಿತ್ತು, ಅದೂ ಸಮುದ್ರದಲ್ಲಿ ಈಜಿದ ಮಾನ.

ಮರುದಿನ ಠಾಣೆಗೆ ಹೊರಟಾಗ ಹವ್ವಮ್ಮನೂ ಬುರ್ಖಾ ಹಾಕಿಕೊಂಡು ಹೊರಟಳು. ಅವಳ ಸೊಂಟದಲ್ಲೊಂದು ಸಣ್ಣ ರಟ್ಟಿನ ಪೆಟ್ಟಿಗೆ. ಅದಕ್ಕೆ ಬಣ್ಣ ಮಾಸಿದ ನೈಲಾನ್ ಹಗ್ಗ. ಹಮೀದಾಕ ಅದನ್ನು ಕಂಡು ರಸ್ತೆಯಲ್ಲೇ ನಿಂತರು.

“ಅದು ಎಂತಕ್ಕೆ ತಂದದ್ದು?”

“ನಡೀರಿ” ಎಂದಳು ಹವ್ವಮ್ಮ.

ಪೆಟ್ಟಿಗೆಯನ್ನು ಅವಳು ಎಸ್.ಐ. ಮೇಜಿನ ಮೇಲೆ ಇಟ್ಟಳು. “ಇದರಲ್ಲಿ ಉಂಟು ಸಾರ್ ಆಧಾರ.” ದಿಶಾಂತ್ ಹಗ್ಗ ಎಳೆದ. ಗಂಟು ಇನ್ನಷ್ಟು ಬಿಗಿಯಿತು. ಇವತ್ತೂ ಸೀನನೊಂದಿಗೆ ಸಾಕ್ಷಿಗೆ ಬಂದಿದ್ದ ಸರ್ವೋತ್ತಮ ಹಲ್ಲು ಹಾಕಿದ. ಸೀನ, “ಇದು ದುಬೈಯ ಕಸ್ಟಮ್ಸಿನವರಿಗೇ ಬಿಚ್ಚಲಿಕ್ಕೆ ಆಗದ ಗಂಟು, ನಿಮಗೆ ಆಗ್ತದಾ?” ಎಂದು ಹೆಮ್ಮೆಯಿಂದ ಕೇಳಿದ. ದಿಶಾಂತ್ ಚಾಕು ತಂದ.

“ಕೊಯ್ಬೇಡಿ” ಎಂದಳು ಹವ್ವಮ್ಮ. “ಕಟ್ಟಿದವರು ಇಲ್ಲೇ ಇದ್ದಾರೆ. ಅವರೇ ಬಿಚ್ಚಲಿ.”

ಎಲ್ಲರೂ ಹಮೀದಾಕನ ಕಡೆ ತಿರುಗಿದರು. ಒಳಗೆ ಏನಿದೆ ಎಂದು ಹಮೀದಾಕನಿಗೆ ಗೊತ್ತಿತ್ತು. ಬಿಚ್ಚಿದರೆ ಮೂವತ್ತು ವರ್ಷದ ಫಾರಿನ್ ಹಮೀದಾಕ ಇವತ್ತಿಗೆ ಮುಗಿದ. ಬಿಚ್ಚದಿದ್ದರೆ ಆ ಬೆಲ್ಟನ್ನು ಈ ಜನ್ಮದಲ್ಲಿ ನೋಡುವುದಿಲ್ಲ. ಅವರ ಕೈ ಹಗ್ಗದ ಮೇಲೆ ಹೋಯಿತು, ಹಿಂದೆ ಬಂತು.

ಹವ್ವಮ್ಮ ಮೆಲ್ಲಗೆ ಹೇಳಿದಳು. “ಊರಿನ ಎಲ್ಲರನ್ನೂ ನೀವೇ ಕಳಿಸಿಕೊಟ್ರಿ. ನಿಮ್ಮನ್ನು ಕಳಿಸಿಕೊಡ್ಲಿಕ್ಕೆ ನಾನು ಒಬ್ಬಳು ಇರುದು. ಬಿಚ್ಚಿ.”

ಹಮೀದಾಕ ಗಂಟಿನ ಅಡಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಹಗ್ಗ ಸಡಿಲವಾಗಿ ಮೇಜಿನ ಮೇಲೆ ಬಿತ್ತು.

ಒಳಗೆ ನೀಲಿ ಇನ್‌ಲ್ಯಾಂಡ್ ಪತ್ರಗಳು. ವಾರಕ್ಕೊಂದರಂತೆ ಹದಿನಾಲ್ಕು ತಿಂಗಳಿನವು, ಎಲ್ಲದರ ಮೇಲೂ ಬೊಂಬಾಯಿಯ ಅಂಚೆ ಮುದ್ರೆ. ವಿಷ್ಣುಪ್ರಸಾದರು ತಾರೀಕು ನೋಡುತ್ತಾ ಜೋಡಿಸಿದರು. ಆಮೇಲೆ ಒಂದನ್ನು ಬಿಡಿಸಿ, ಓದಬಹುದೇ ಎಂದು ಹವ್ವಮ್ಮನ ಮುಖ ನೋಡಿ, ಗಟ್ಟಿಯಾಗಿ ಓದಿದರು.

“‘ಪ್ರೀತಿಯ ಹವ್ವ, ಇವತ್ತೂ ವೀಸಾ ಬರಲಿಲ್ಲ. ಲಾಡ್ಜಿಗೆ ಕುವೈತಿನಿಂದ ಒಬ್ಬರು ಬಂದಿದ್ದಾರೆ. ಬ್ಯಾಗಿನ ಜಿಪ್ ಹೋಗಿತ್ತು. ಹೊಲಿದು ಕೊಡುವಾಗ ಕೇಳಿದೆ. ಅಲ್ಲಿ ಮೆಟ್ಟಿಲು ತಾನೇ ನಡೆಯುತ್ತದಂತೆ. ಕಾಲು ನೋಡಿದರೆ ಬೀಳುತ್ತಾರಂತೆ. ಎದುರಿನವರ ಹೆಗಲು ನೋಡಬೇಕಂತೆ. ನಾನು ಹೋದಾಗ ಹಾಗೆಯೇ ಮಾಡುತ್ತೇನೆ.’”

 ಸೀನನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

“ನನ್ನ ಮಗಳಿಗೆ ಕಲಿಸಿದ್ದು ಇದೇ ಮೆಟ್ಟಿಲಲ್ವಾ?” ಎಂದ ಅವನು. “ನೀವೇ ನೋಡದ ಮೆಟ್ಟಿಲನ್ನು ನನ್ನ ಮಗಳಿಗೆ ಹೇಳಿಕೊಟ್ರಾ? ಒಬ್ಬಳೇ ಹೋದ ಹುಡುಗಿ! ಬಿದ್ದಿದ್ರೆ?”

ಹಮೀದಾಕ ತಲೆ ತಗ್ಗಿಸಿದರು. ಸೀನ ಅಲ್ಲಿಯೇ ಫೋನ್ ತೆಗೆದು ಕುವೈತಿಗೆ ವಿಡಿಯೊ ಕಾಲ್ ಮಾಡಿದ. ಸುಪ್ರಿತಾ ಡ್ಯೂಟಿಯ ಬಟ್ಟೆಯಲ್ಲಿ ಕಾಣಿಸಿಕೊಂಡಳು.

“ಎಂತ ಅಪ್ಪ, ಪೊಲೀಸ್ ಸ್ಟೇಷನ್ನಾ ಅದು?”

“ಹಮೀದಾಕ ಫಾರಿನ್ನಿಗೆ ಹೋಗ್ಲೇ ಇಲ್ಲ ಅಂತೆ! ನಿನಗೆ ಹೇಳಿದ್ದೆಲ್ಲ ಯಾರೋ ಹೇಳಿದ್ದಂತೆ!”

ಸುಪ್ರಿತಾ ನಕ್ಕಳು. “ನನಗೆ ಗೊತ್ತುಂಟಲ್ಲ.”

“ಎಂತ?”

“ಅಪ್ಪ, ನಾನು ಪ್ರತಿ ಸಲ ರಜೆಯಲ್ಲಿ ಬಂದಾಗ ಬ್ಯಾಗ್ ಕೊಟ್ರೆ ಅವರು ಎರಡು ಗಂಟೆ ಕೂರಿಸಿ ಕೇಳ್ತಾರೆ. ಬೆಲ್ಟ್ ಎಡಕ್ಕೆ ತಿರುಗ್ತದಾ, ಬಲಕ್ಕಾ? ವಿಮಾನ ಇಳಿಯುವಾಗ ಕಿವಿ ನೋವಾಗ್ತದಾ, ಆಗ ಎಂತ ಮಾಡ್ಬೇಕು? ಹೋದವರು ಹಾಗೆ ಕೇಳುದಿಲ್ಲ. ನಮಗೆಲ್ಲ ಗೊತ್ತುಂಟು. ಫಯಾಝ್‌ಗೂ ಗೊತ್ತುಂಟು. ಊರು ಬಿಟ್ಟು ಹೋದ ಎಲ್ಲರಿಗೂ ಗೊತ್ತುಂಟು. ಗೊತ್ತಿಲ್ಲದ್ದು ಊರಲ್ಲೇ ಇದ್ದ ನಿಮಗೆ ಮಾತ್ರ.”

“ಮತ್ತೆ ಹೇಳ್ಲಿಲ್ಲ ಎಂತಕ್ಕೆ?”

“ಹೇಳಿದ್ರೆ ಅವರು ಕೇಳುದನ್ನು ನಿಲ್ಲಿಸ್ತಿದ್ರು. ಅವರು ಕೇಳುದು ನಿಲ್ಲಿಸಿದ್ರೆ ಮುಂದೆ ಹೋಗುವವರಿಗೆ ಯಾರು ಹೇಳುದು? ಅವರು ಹೇಳಿದ್ದು ನನಗೆ ಒಂದೂ ತಪ್ಪಲಿಲ್ಲ ಅಪ್ಪ. ಮೊದಲ ದಿನ ಆ ಮೆಟ್ಟಿಲಿನ ಎದುರು ನನ್ನ ಒಟ್ಟಿಗಿದ್ದ ಹುಡುಗಿಯರು ಅತ್ತರು. ನಾನು ಹೆಗಲು ನೋಡಿದೆ, ಹತ್ತಿದೆ. ಫೋನ್ ಹಮೀದಾಕನಿಗೆ ಕೊಡಿ.”

ಸೀನ ಫೋನ್ ಕೊಟ್ಟ. ಹಮೀದಾಕನಿಗೆ ಪರದೆ ಸರಿ ಕಾಣಿಸುತ್ತಿರಲಿಲ್ಲ. ಕನ್ನಡಕ ಒದ್ದೆಯಾಗಿತ್ತು.

“ಹಮೀದಾಕ, ನೀವು ಎಲ್ಲಿಗೋ ಹೋಗ್ತಿದ್ದೀರಿ ಅಂತ ಅಪ್ಪ ಹೇಳಿದ್ರು. ಕಸಕಸೆ ಇಟ್ಟುಕೊಳ್ಬೇಡಿ!”

ವಿಷ್ಣುಪ್ರಸಾದರು ಪತ್ರ ಮಡಚಿಟ್ಟು ಸೀನನ ಕಡೆ ತಿರುಗಿದರು. “ಈ ಹದಿನಾಲ್ಕು ತಿಂಗಳು ಬಿಟ್ಟು ಉಳಿದ ದಿನಗಳಲ್ಲಿ ಇವರು ಎಲ್ಲಿದ್ದರು?”

ಸೀನ ಯೋಚಿಸಿದ. “ಅಂಗಡಿಯಲ್ಲಿ ಸಾರ್. ದಿನಕ್ಕೆ ಮೂರು ಚಾ ನಾನೇ ಕೊಡ್ತಿದ್ದೆ.”

“ಹಾಗಾದರೆ ಹನ್ನೆರಡು ವರ್ಷ ಗಲ್ಫಿನಲ್ಲಿ ಯಾವಾಗ ಇದ್ದದ್ದು?”

“ಅದೇ ನೋಡಿ” ಎಂದ ಸೀನ ಬೆರಗಾಗಿ. “ನಾನೂ ಲೆಕ್ಕ ಹಾಕ್ಲಿಲ್ಲ.”

ವಿಷ್ಣುಪ್ರಸಾದರು ಕಾಗದಕ್ಕೆ ಸಹಿ ಹಾಕಿದರು. ಹಾಕಿದ ಮೇಲೆ ಪೆನ್ನು ಮುಚ್ಚದೆ, “ನನ್ನ ಅಕ್ಕನ ಮಗಳು ದುಬೈಯಲ್ಲಿ ಜುಮೈರಾದ ಹತ್ತಿರ ಎಲ್ಲಿಗೋ ಕೆಲಸಕ್ಕೆ ಹೊರಟಿದ್ದಾಳೆ. ಒಮ್ಮೆ ಅಂಗಡಿಗೆ ಕಳಿಸಬಹುದಾ?” ಎಂದು ಕೇಳಿದರು.

ಪಾಸ್‌ಪೋರ್ಟ್ ಇಪ್ಪತ್ನಾಲ್ಕನೇ ತಾರೀಕು ಬಂತು. ಈಗ ಇನ್ನೊಂದು ಕಷ್ಟ. ವಿಯೆಟ್ನಾಮಿನಿಂದ ಹರಿದ ಬ್ಯಾಗ್ ತಂದವರು ಕಡಬದಲ್ಲಿ ಇದುವರೆಗೆ ಯಾರೂ ಇರಲಿಲ್ಲ. ಆದ್ದರಿಂದ ಆ ದೇಶದ ಬಗ್ಗೆ ಹಮೀದಾಕನ ಜ್ಞಾನ ಸೊನ್ನೆ. ಆದರೆ ಠಾಣೆಯ ಸುದ್ದಿ ಕುವೈತಿನಿಂದ ದುಬೈಗೆ, ದುಬೈಯಿಂದ ಎಲ್ಲೆಲ್ಲಿಗೋ ಹೋಗಿತ್ತು. ಅವರು ಕಳಿಸಿಕೊಟ್ಟಿದ್ದ ಮಕ್ಕಳೆಲ್ಲ ಅವರ ಫೋನಿಗೆ ಮಾತು ಕಳಿಸತೊಡಗಿದರು. ಫಯಾಝ್‌ನ ಹೋಟೆಲಿನಲ್ಲಿ ವಿಯೆಟ್ನಾಮಿನ ಅಡುಗೆಯವನೊಬ್ಬನಿದ್ದ. ಫಯಾಝ್ ಅವನನ್ನು ಎರಡು ಗಂಟೆ ಕೂರಿಸಿ ಕೇಳಿದ್ದನಂತೆ.

“ಹಮೀದಾಕ, ಅಲ್ಲಿ ರಸ್ತೆ ದಾಟುವಾಗ ಓಡ್ಬೇಡಿ, ನಿಲ್ಲಲೂ ಬೇಡಿ. ಒಂದೇ ನಡಿಗೆಯಲ್ಲಿ ಮೆಲ್ಲ ಹೋಗಿ, ಸ್ಕೂಟರಿನವರೇ ಬಳಸಿ ಹೋಗ್ತಾರೆ. ಹಿರಿಯರಿಗೆ ಎಂತ ಕೊಡುದಾದ್ರೂ ಎರಡೂ ಕೈಯಲ್ಲಿ ಕೊಡಿ. ಅನ್ನದಲ್ಲಿ ಊಟದ ಕಡ್ಡಿ ನೆಟ್ಟಗೆ ಚುಚ್ಚಿಡಬೇಡಿ, ಅದು ಸತ್ತವರಿಗೆ ಇಡುದಂತೆ. ಮತ್ತೆ ಬ್ಯಾಗಿಗೊಂದು ಕೆಂಪು ಬಟ್ಟೆ ಕಟ್ಟಿ.”

ಹೊರಡುವ ದಿನ ಬ್ಯಾಗಿಗೆ ಕೆಂಪು ಬಟ್ಟೆ ಕಟ್ಟಿದ್ದು ಹವ್ವಮ್ಮ. ಸರ್ವೋತ್ತಮ ಐದು ಕಿಲೋ ಕುಚ್ಚಲಕ್ಕಿ ತುಂಬಿಸಿಕೊಂಡು ಬಂದಿದ್ದ. ನಿಜ ಗೊತ್ತಾದ ಮೇಲೂ ಅವನು ಹಮೀದಾಕನನ್ನು ಬಿಡಲಿಲ್ಲ. “ಹೋಗದೆಯೇ ಇಷ್ಟು ಗೊತ್ತಿದ್ರೆ, ಹೋದ್ರೆ ಎಷ್ಟು ಗೊತ್ತಾಗ್ಲಿಕ್ಕಿಲ್ಲ” ಎಂಬುದು ಅವನ ವಾದ.

ಹನೋಯಿಯ ವಿಮಾನ ನಿಲ್ದಾಣದಲ್ಲಿ ಬೆಲ್ಟ್ ತಿರುಗಿತು. ಸರ್ವೋತ್ತಮನ ಬ್ಯಾಗ್ ಬಂತು, ಹಮೀದಾಕನದ್ದೂ ಬಂತು. ಹಮೀದಾಕ ತೆಗೆಯಲಿಲ್ಲ. ಇನ್ನೊಂದು ಸುತ್ತು ಹೋಗಲಿ ಎಂದು ಬಿಟ್ಟರು. ಹಾಗೆ ನಾಲ್ಕು ಸುತ್ತು. ಕಂಪೆನಿಯ ಪ್ರವಾಸದ ತಂಡದವರೆಲ್ಲ ಬಸ್ಸಿನಲ್ಲಿ ಕಾದರು. ಅವರು ಕೆಂಪು ಬಟ್ಟೆಯ ಬ್ಯಾಗು ಮರೆಯಾಗುವುದನ್ನೂ ಮತ್ತೆ ಬರುವುದನ್ನೂ ನೋಡುತ್ತಾ ನಿಂತಿದ್ದರು. ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಕ್ಕಿಲ್ಲ. ಚಲಿಸುವ ಮೆಟ್ಟಿಲಿನ ಎದುರು ಸರ್ವೋತ್ತಮ ಕಂಬದ ಹಾಗೆ ನಿಂತಾಗ, “ನನ್ನ ಹೆಗಲು ನೋಡು” ಎಂದು ಹಮೀದಾಕ ಮುಂದೆ ಹತ್ತಿದರು. ಅವರಿಗೆ ನೋಡಲು ಯಾರ ಹೆಗಲೂ ಇರಲಿಲ್ಲ. ಆದರೂ ಹತ್ತಿದರು, ಬೀಳಲಿಲ್ಲ.

ಮೂರನೆಯ ದಿನ ಎಲ್ಲರೂ ಸಮುದ್ರ ನೋಡಲು ಹೋದರು. ಹಮೀದಾಕ ಹೋಗಲಿಲ್ಲ. ಹೋಟೆಲಿನ ಹಿಂದಿನ ಬೀದಿಯಲ್ಲಿ ಒಬ್ಬಳು ಮುದುಕಿ ಫುಟ್‌ಪಾತಿನಲ್ಲಿ ಕೂತು ಬ್ಯಾಗುಗಳಿಗೆ ಜಿಪ್ ಹೊಲಿಯುತ್ತಿದ್ದಳು. ಇವರು ಎದುರಿಗಿದ್ದ ಸಣ್ಣ ಸ್ಟೂಲಿನಲ್ಲಿ ಕೂತರು. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಇವರು ಎರಡೂ ಕೈಯಲ್ಲಿ ತಮ್ಮ ಸೂಜಿ ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ತಲೆ ಆಡಿಸಿದಳು. ಸಂಜೆಯವರೆಗೆ ಇಬ್ಬರೂ ಹೊಲಿದರು. ಹೊರಡುವಾಗ ಅವಳಿಗೆ ಹಮೀದಾಕನ ಗಂಟು ಬರುತ್ತಿತ್ತು.

ಆರನೆಯ ದಿನ ಕಡಬದಲ್ಲಿ ಬಸ್ಸು ನಿಂತಿತು. ಸರ್ವೋತ್ತಮ ಮೊದಲು ಇಳಿದು, ಗಂಜಿ ಎಲ್ಲಿ ಎಂದು ಮನೆಗೆ ಓಡಿದ. ಹಿಂದೆ ಹಮೀದಾಕ ಇಳಿದರು. ಕೈಯಲ್ಲಿ ಬ್ಯಾಗು, ಅದರ ಜಿಪ್ ಹೋಗಿತ್ತು. ಹವ್ವಮ್ಮ ಅಂಗಡಿಯ ಜಗಲಿಯಲ್ಲಿ ಕೂತು ಕಾಯುತ್ತಿದ್ದಳು. ಠಾಣೆಯ ದಿನದಿಂದ ಸೀನ ಹಮೀದಾಕನೊಂದಿಗೆ ಸರಿಯಾಗಿ ಮಾತನಾಡಿರಲಿಲ್ಲ. ಸಿಟ್ಟಿನಿಂದಲ್ಲ, ಅಷ್ಟು ವರ್ಷ ಲೆಕ್ಕ ಹಾಕದೇ ಇದ್ದ ನಾಚಿಕೆಯಿಂದ. ಈಗ ಅವನು ಚಾದ ಪಾತ್ರೆ ಕೆಳಗಿಟ್ಟು ಹೊರಗೆ ಬಂದ. 

“ಯಾವಾಗ ಬಂದದ್ದು, ಹಮೀದಾಕ?”

ಮೂವತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಕೇಳಿದ ಪ್ರಶ್ನೆ. ಹಮೀದಾಕನ ಮುಖ ಅರಳಿತು.

“ಈಗ.”

ಸೀನ ಆಮೇಲೆ ಎರಡನೆಯದನ್ನೂ ಕೇಳಿಯೇಬಿಟ್ಟ.

“ಹೋಗುದು ಯಾವಾಗ?”

ಹಮೀದಾಕ ಈ ಸಲ ‘ನೋಡುವಾ’ ಎನ್ನಲಿಲ್ಲ. ಹರಿದ ಬ್ಯಾಗನ್ನು ಹವ್ವಮ್ಮನ ಪಕ್ಕದಲ್ಲಿ ಇಟ್ಟು, ಅವಳನ್ನು ತೋರಿಸಿದರು.

“ಇವಳ ಪಾಸ್‌ಪೋರ್ಟ್ ಬಂದ ಮೇಲೆ. ನಾಳೆ ಅರ್ಜಿ ಹಾಕುದು. ಪೊಲೀಸಿನವರು ಕೇಳ್ಲಿಕ್ಕೆ ಬಂದಾಗ ಜಪಾನ್ ಗೀಪಾನ್ ಹೇಳ್ಬೇಡ ಮಾರಾಯ. ಈ ಜನ ಎಲ್ಲಿಗೂ ಹೋಗ್ಲಿಲ್ಲ, ಮೂವತ್ತು ವರ್ಷ ನನ್ನನ್ನು ಕಾದುಕೊಂಡು ಇಲ್ಲೇ ಇದ್ದಳು ಅಂತ ಹೇಳು. ಅದಕ್ಕೆ ನೀನೇ ಸಾಕ್ಷಿ.”